ವಾಯುಕಣಗಳು: ಬಿಸಿಲು, ಪರ್ವತ ಹವಾಮಾನ ಮತ್ತು ರಾಯಚೂರು ಸೀಮೆ

ಗಾಳಿಯಲ್ಲಿ ತೇಲುವ ಧೂಳು, ಮಸಿ, ಹಾರುಬೂದಿ, ಉಪ್ಪು, ಸಲ್ಫೇಟ್ ಮೊದಲಾದ ಸೂಕ್ಷ್ಮ ಕಣಗಳಿಗೆ ವಾಯುಕಣ ಅಥವಾ ಏರೋಸಾಲ್ ಎಂದು ಹೆಸರು. ಸಲ್ಫೇಟ್ ಕಣಗಳು ಬಿಸಿಲನ್ನು ಚದುರಿಸಿ ನೆಲವನ್ನು ತಂಪಾಗಿಸುತ್ತವೆ. ಮಸಿ ಬಿಸಿಲನ್ನು ಹೀರಿ ಸುತ್ತಲಿನ ಗಾಳಿಯನ್ನು ಕಾಯಿಸುತ್ತದೆ.

ಅಧ್ಯಯನದ ಇತಿಹಾಸ: 1883ರ ಆಗಸ್ಟ್‌ನಲ್ಲಿ ಇಂಡೋನೇಷ್ಯಾದ ಕ್ರಕಟೋವಾ ಜ್ವಾಲಾಮುಖಿ ಸಿಡಿದ ಮರುತಿಂಗಳು, ಅದು ಚೆಲ್ಲಿದ ಕಣಗಳಿಂದಾಗಿ ದಕ್ಷಿಣ ಭಾರತದಲ್ಲಿ ಸೂರ್ಯ ಹಸಿರಾಗಿ ಕಂಡಿದ್ದ. ಮದರಾಸಿನಲ್ಲಿದ್ದ ವಿಜ್ಞಾನಿ ಮಿಚಿ ಸ್ಮಿತ್ ಆ ಬೆಳಕಿನ ರೋಹಿತವನ್ನು ಪರೀಕ್ಷಿಸಿದರು. 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ‘ಇಂಡೋಎಕ್ಸ್’ ಎಂಬ ಬಹುರಾಷ್ಟ್ರೀಯ ವಾಯುಕಣ ಸಮೀಕ್ಷೆ ನಡೆಯಿತು. ಅದರ ಮುಂದಾಳುಗಳಲ್ಲಿ ಒಬ್ಬರಾದ ವಿ. ರಾಮನಾಥನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. 2000ರಲ್ಲಿ ಅವರೂ ಎಸ್.ಕೆ. ಸತೀಶ್ ಅವರೂ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಕಣಗಳಿಂದ ವಾಯುಮಂಡಲದ ತುದಿಯಲ್ಲಿ ಆಗುವ ಬದಲಾವಣೆಗಿಂತ ಮೇಲ್ಮೈಯಲ್ಲಾಗುವ ಬಿಸಿಲಿನ ಕೊರತೆ ಬಹಳ ಹೆಚ್ಚು. ನಡುವೆ ಕಳೆದ ಬಿಸಿಲು ಗಾಳಿಯಲ್ಲೇ ಶಾಖವಾಗಿ ಉಳಿಯುತ್ತದೆ. 2010ರಲ್ಲಿ ಹೈದರಾಬಾದಿನಿಂದ ಹಾರಿಸಿದ ಬಲೂನು ಸುಮಾರು 4.5 ಕಿ.ಮೀ. ಎತ್ತರದಲ್ಲೂ 8 ಕಿ.ಮೀ.ಗಿಂತ ಮೇಲೂ ಮಸಿಯ ಪದರಗಳನ್ನು ಪತ್ತೆಮಾಡಿತು.

ಪರ್ವತಗಳ ಮೇಲೆ: ಇಂಥ ಪದರಗಳು ಹಿಮಾಲಯದ ಇಳಿಜಾರುಗಳ ಮಟ್ಟದಲ್ಲೇ ಗಾಳಿಯನ್ನು ಕಾಯಿಸುತ್ತವೆ. ಹಿಮದ ಮೇಲೆ ಬಿದ್ದ ಮಸಿ ಅದರ ಹೊಳಪನ್ನು ಕುಂದಿಸುವುದರಿಂದ ಹಿಮ ಬೇಗ ಕರಗುತ್ತದೆ. ಟಿಬೆಟ್ ಪ್ರಸ್ಥಭೂಮಿಯ ಅಂಚಿನಲ್ಲಿ ಕಾದ ಗಾಳಿ ಮೇಲೇರಿ ಮುಂಗಾರನ್ನು ಮೊದಲೇ ಸೆಳೆಯಬಹುದೆಂಬ ವಾದವನ್ನು ವಿಲಿಯಂ ಲಾವ್ ಮತ್ತು ಸಂಗಡಿಗರು 2006ರಲ್ಲಿ ಮಂಡಿಸಿದರು. ಅದರ ಚರ್ಚೆ ಮುಗಿದಿಲ್ಲ.

ಸಿಂಧನೂರು, ಲಿಂಗಸುಗೂರು, ಮಸ್ಕಿ: ರಾಯಚೂರು ಜಿಲ್ಲೆಯ ಈ ಬಯಲುಸೀಮೆಯಲ್ಲೂ ಕಣಗಳ ಮೂಲಗಳಿವೆ. ಬೇಸಿಗೆಯಲ್ಲಿ ಒಣಗಿದ ಎರೆಹೊಲಗಳಿಂದ ಧೂಳು ಏಳುತ್ತದೆ. ಇದೇ ಜಿಲ್ಲೆಯ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಿಂದ ಕಲ್ಲಿದ್ದಲು ಉರಿಸುತ್ತಿದೆ. ಅದರ ಸಾಮರ್ಥ್ಯ 1,720 ಮೆಗಾವಾಟ್. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರು ಭತ್ತದ ಕಣಜವಾಯಿತು. ಕಟಾವು ಯಂತ್ರ ಸಾಲುಸಾಲಾಗಿ ಬಿಟ್ಟುಹೋದ ಹುಲ್ಲಿಗೆ ಕೆಲವು ರೈತರು ಬೆಂಕಿ ಇಡುತ್ತಾರೆ. ರಾತ್ರಿಯ ತಂಪಿನಲ್ಲಿ ಆ ಹೊಗೆ ಗದ್ದೆಯ ಮೇಲೆಯೇ ಮಡುಗಟ್ಟಿ, ಮರುದಿನ ನೆಲ ಕಾದಂತೆ ಮೇಲೇರಿ ಗಾಳಿಯೊಡನೆ ಸಾಗುತ್ತದೆ.

ಇಂಗಾಲದ ಡೈಆಕ್ಸೈಡ್‌ನ ಪರಿಣಾಮ ಶತಮಾನಗಳ ಕಾಲ ಉಳಿದರೆ, ಮಸಿ ಕೆಲವೇ ದಿನ, ವಾರಗಳಲ್ಲಿ ಮಳೆಯೊಡನೆ ನೆಲಕ್ಕಿಳಿಯುತ್ತದೆ. ಆದ್ದರಿಂದ ಹುಲ್ಲನ್ನು ಸುಡದೆ ಪೆಂಡಿ ಕಟ್ಟಿ ದನಗಳ ಮೇವಿಗೆ ಬಳಸಿದರೆ ಅದರ ಫಲ ಅದೇ ಹಂಗಾಮಿನಲ್ಲಿ ಸಿಗುತ್ತದೆ.