ಆಳಿಗೆ ಆಳು, ಮುಯ್ಯಿಗೆ ಮುಯ್ಯಿ

ತಾಳವಾಡಿ ಸೀಮೆಯ ನಮ್ಮ ಪಣಕಹಳ್ಳಿಯಲ್ಲಿ ಹಿಂದೆ ರಾಗಿ ಕೊಯ್ಲಿಗೆ ಮುಯ್ಯಾಳು ಸೇರುತ್ತಿತ್ತು. ಇವತ್ತು ನಮ್ಮ ಹೊಲಕ್ಕೆ ಅವರ ಮನೆಯ ಇಬ್ಬರು ಬಂದರೆ, ನಾಳೆ ಅವರ ಹೊಲಕ್ಕೆ ನಮ್ಮಿಬ್ಬರು. ಮಧ್ಯಾಹ್ನದ ಮುದ್ದೆ, ಸಾರು ಹೊಲದವರದು. ತಪ್ಪಿಸಿಕೊಂಡ ಮನೆಗೆ ಮುಂದಿನ ಸುಗ್ಗಿಯಲ್ಲಿ ಕುಡುಗೋಲು ಹಿಡಿದು ಬರುವವರಿರಲಿಲ್ಲ. ಹೊಲವೇ ಇಲ್ಲದವರಿಗೆ ಈ ಲೆಕ್ಕದಲ್ಲಿ ಜಾಗವಿರಲಿಲ್ಲ, ಅವರದು ಬರೀ ಕೂಲಿ. ಮುಯ್ಯಾಳನ್ನು ಹೊಗಳುವವರು ಇದನ್ನೂ ಹೇಳಬೇಕು.

ಮದುವೆಯ ಮುಯ್ಯಿ ಇನ್ನೂ ಸೂಕ್ಷ್ಮ. ಚಪ್ಪರದಲ್ಲಿ ಒಬ್ಬರು ಪುಸ್ತಕ ಬಿಚ್ಚಿ ಕೂತು ಊರು, ಹೆಸರು, ರೂಪಾಯಿ ಬರೆದುಕೊಳ್ಳುತ್ತಾರೆ. ನಮ್ಮವ್ವ ಅದನ್ನು ಜಮೀನಿನ ಪತ್ರಗಳ ಜೊತೆ ಟ್ರಂಕಿನಲ್ಲಿಡುತ್ತಿದ್ದಳು. ಯಾರ ಲಗ್ನಪತ್ರಿಕೆ ಬಂದರೂ ಮೊದಲು ಅವರ ಹೆಸರಿರುವ ಪುಟ ಓದಿಸುತ್ತಿದ್ದಳು. ಅವರು ಹಾಕಿದ್ದಕ್ಕಿಂತ ಒಂದಿಷ್ಟು ಹೆಚ್ಚೇ ಹಾಕಬೇಕು. ಸಮಸಮ ಹಾಕಿದರೆ ನಂಟು ಚುಕ್ತಾ ಮಾಡಿದಂತೆ.

1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿದ್ದು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇಂಥ ಕೊಡುಕೊಳ್ಳುವಿಕೆಯನ್ನು ಊರಿನ ಬದುಕಿನ ತಿರುಳಲ್ಲಿ ಕಂಡರು. ಈ ಮುಯ್ಯಿಗೆ ರಾಜ್ಯದ ಗಡಿಯೂ ಅಡ್ಡಬರಲಿಲ್ಲ. 1956ರಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಮ್ಮ ತಾಳವಾಡಿ ಮದರಾಸು ರಾಜ್ಯದಲ್ಲೇ ಉಳಿಯಿತು. ಅವ್ವನ ಪುಸ್ತಕದಲ್ಲಿ ಮಾತ್ರ ಚಾಮರಾಜನಗರದ ಕಡೆಯ ಊರುಗಳೂ ನಮ್ಮವೂ ಒಂದೇ ಪುಟದಲ್ಲಿವೆ.

ಈಗ ಕೋಸು, ಜೋಳಕ್ಕೆ ದಿನಗೂಲಿಯೇ. ಮದುವೆಯ ಮುಯ್ಯಿ ನಿಂತಿಲ್ಲ.