ಹಳೇ ದೋಣಿ, ಹಳೇ ಎಂಜಿನ್ನು ಮತ್ತು ಅಣ್ಣನ ಇನ್‌ಲ್ಯಾಂಡ್ ಲೆಟರು

ಮುಂಬಯಿಯ ನಮ್ಮವರು ಮಕ್ಕಳ ಮನೆಗೆಂದು ಅಮೆರಿಕಾಕ್ಕೆ ಹೋದರೆ ನಯಾಗರಾ ನೋಡಿಕೊಂಡು ಬರುತ್ತಾರೆ. 2023ರಲ್ಲಿ ಮಗಳ ಮನೆಗೆ ಹೋದ ನಾನು ನೋಡಿಕೊಂಡು ಬಂದದ್ದು ಒಂದು ತಗಡಿನ ದೋಣಿಯನ್ನು! ಹೆಂಡತಿಗೆ ಈಗಲೂ ಆ ಸಿಟ್ಟು ಇಳಿದಿಲ್ಲ. ಇರಲಿ.

ಮಗಳು ಇರುವುದು ಮಿನ್ನೆಸೋಟಾದಲ್ಲಿ. ಅಲ್ಲಿ ಕಾರಿನ ನಂಬರ್ ಪ್ಲೇಟಿನ ಮೇಲೇ ಹತ್ತು ಸಾವಿರ ಕೆರೆಗಳು ಎಂದು ಬರೆದುಕೊಂಡಿರುತ್ತಾರೆ. ಪಕ್ಕದ ಮನೆಯ ಅಜ್ಜನ ಹಿತ್ತಲಿನಲ್ಲಿ, ಒಂದು ಮರದ ಬುಡದಲ್ಲಿ, ಹದಿನಾಲ್ಕು ಅಡಿಯ ಅಲ್ಯೂಮಿನಿಯಂ ದೋಣಿಯೊಂದು ಮಗುಚಿ ಬಿದ್ದಿತ್ತು. ಅದು ಅವರ ಅಪ್ಪನದಂತೆ. ಗ್ಯಾರೇಜಿನ ಮೂಲೆಯಲ್ಲಿ ಗೋಣಿ ಹೊದ್ದುಕೊಂಡು ಅದರ ಎಂಜಿನ್, 1961ರ ಹತ್ತು ಅಶ್ವಶಕ್ತಿಯ ಎವಿನ್‌ರೂಡ್. ಮೂವತ್ತು ವರ್ಷದಿಂದ ಎರಡೂ ನೀರು ಕಂಡಿರಲಿಲ್ಲ. ಥಾಣೆಯ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದವನು ನಾನು, ಅದಕ್ಕೂ ಮೊದಲು ಗಂಗೊಳ್ಳಿ ಕಡೆಯ ಕಡಲ ಮಕ್ಕಳಲ್ಲಿ ಒಬ್ಬ. ಸುಮ್ಮನಿರಲು ಹೇಗೆ ಸಾಧ್ಯ ಹೇಳಿ? ಎರಡು ತಿಂಗಳು ಅಜ್ಜನ ಹಿತ್ತಲೇ ನನ್ನ ವಾಸವಾಯಿತು.

ಮೊದಲು ದೋಣಿಯ ಕತೆ ಹೇಳಿಬಿಡುತ್ತೇನೆ.

ಅಲ್ಯೂಮಿನಿಯಂ ಒಂದು ಕಾಲದಲ್ಲಿ ಬೆಳ್ಳಿಯ ಹಾಗೆ ದುಬಾರಿ ಲೋಹ. 1886ರಲ್ಲಿ ಅಮೆರಿಕಾದ ಹಾಲ್ ಮತ್ತು ಫ್ರಾನ್ಸಿನ ಹೆರೂ ಎಂಬ ಇಬ್ಬರು ತರುಣರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ವಿದ್ಯುತ್ತಿನಿಂದ ಅದನ್ನು ತೆಗೆಯುವ ಒಂದೇ ದಾರಿ ಕಂಡುಹಿಡಿದ ಮೇಲೆ ಅದು ಅಗ್ಗವಾಯಿತು. ಆದರೆ ಸಾಮಾನ್ಯ ಜನರ ದೋಣಿಯಾಗಲು ಎರಡನೇ ಮಹಾಯುದ್ಧ ಮುಗಿಯಬೇಕಾಯಿತು. ಯುದ್ಧಕಾಲದಲ್ಲಿ ವಿಮಾನಕ್ಕೆಂದು ಅಲ್ಲಿ ರಾಶಿ ರಾಶಿ ಅಲ್ಯೂಮಿನಿಯಂ ತಯಾರಾಯಿತು. ತಗಡು ಬಗ್ಗಿಸಿ ರಿವೆಟ್ ಹೊಡೆಯುವುದನ್ನು ಲಕ್ಷಗಟ್ಟಲೆ ಗಂಡಸರು ಹೆಂಗಸರು ಕಲಿತರು. ಯುದ್ಧ ಮುಗಿದರೆ ಇವರಿಗೆಲ್ಲ ಏನು ಕೆಲಸ? ಹೆಲ್‌ಕ್ಯಾಟ್ ಯುದ್ಧವಿಮಾನ ಮಾಡುತ್ತಿದ್ದ ಗ್ರಮ್ಮನ್ ಕಂಪನಿಯ ವಿಲಿಯಂ ಹಾಫ್‌ಮನ್ ಎಂಬ ಅಧಿಕಾರಿ 1944ರಲ್ಲಿ ರಜೆಗೆ ಹೋಗಿ, ಮರ ಮತ್ತು ಕ್ಯಾನ್‌ವಾಸಿನ ಭಾರದ ದೋಣಿಯನ್ನು ಹೆಗಲ ಮೇಲೆ ಹೊತ್ತು ಸುಸ್ತಾಗಿ, ಇದನ್ನು ವಿಮಾನದ ತಗಡಿನಲ್ಲೇ ಮಾಡಬಾರದೇಕೆ ಎಂದು ಯೋಚಿಸಿದನಂತೆ. 1945ರಲ್ಲಿ ಗ್ರಮ್ಮನ್ ದೋಣಿ ಬಂತು. ಮರುವರ್ಷ ಮಿನ್ನೆಸೋಟಾದಲ್ಲಿ ಆಲುಮಾಕ್ರಾಫ್ಟ್, 1948ರಲ್ಲಿ ಅಲ್ಲಿನ ನ್ಯೂಯಾರ್ಕ್ ಮಿಲ್ಸ್ ಎಂಬ ಸಣ್ಣ ಊರಿನಲ್ಲಿ ಲುಂಡ್ ಎಂಬವರ ದೋಣಿ. ಬಾಂಬು ಹೊರುವ ವಿಮಾನದ ಸೋದರಸಂಬಂಧಿಯೊಂದು ಮೀನು ಹೊರುವ ದೋಣಿಯಾದದ್ದು ಹೀಗೆ. ಯುದ್ಧದಿಂದ ಬಂದ ಒಳ್ಳೆಯ ಸಂಗತಿಗಳು ಕಡಿಮೆ, ಇದೊಂದು ಇರಲಿ ಲೆಕ್ಕಕ್ಕೆ.

ಅಜ್ಜನ ದೋಣಿಯನ್ನು ಟ್ರೇಲರಿನ ಮೇಲಿಟ್ಟು ನಾವು ಮೊದಲು ಮಾಡಿದ ಕೆಲಸ, ದೋಣಿಯ ಒಳಗೆ ನೀರು ತುಂಬಿಸಿದ್ದು! ನೀರಿನ ಮೇಲೆ ಬಿಟ್ಟರೆ ತೂತು ಎಲ್ಲಿ ಎಂದು ತಿಳಿಯುವುದಿಲ್ಲ, ನೀರು ಒಳಗಿದ್ದರೆ ಹೊರಗೆ ತೊಟ್ಟಿಕ್ಕುವ ಜಾಗಕ್ಕೆಲ್ಲ ಬಳಪದಲ್ಲಿ ಗುರುತು ಹಾಕಬಹುದು. ಹೆಚ್ಚು ತುಂಬಿಸಬಾರದು, ಭಾರಕ್ಕೆ ತಗಡು ಬಾಗುತ್ತದೆ. ಮೂವತ್ತೊಂದು ಗುರುತು ಬಿದ್ದವು. ಸಡಿಲಾದ ರಿವೆಟ್ಟಿಗೆ ಅಜ್ಜ ಹೊರಗಿನಿಂದ ಸುತ್ತಿಗೆ ಹಿಡಿದರೆ ನಾನು ಒಳಗಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯುವುದು. ಬಿಗಿಯಾಗದ್ದನ್ನು ಕೊರೆದು ತೆಗೆದು ಹೊಸ ಅಲ್ಯೂಮಿನಿಯಂ ರಿವೆಟ್. ಒಂದು ಕಡೆ ಮಾತ್ರ ರಿವೆಟ್ ಅಲ್ಲದ ಜಾಗದಲ್ಲಿ ಸಣ್ಣ ತೂತು. ಅಜ್ಜ ನೋಡಿದವರೇ ನಕ್ಕು, ಇಲ್ಲಿ ಯಾರೋ ಒಂದು ಸೆಂಟ್ ನಾಣ್ಯ ಬೀಳಿಸಿ ಮರೆತಿದ್ದಾರೆ ಎಂದರು. ತಾಮ್ರ, ಅಲ್ಯೂಮಿನಿಯಂ, ನಡುವೆ ಕೆಸರು ನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿ ಇದ್ದ ಹಾಗೆ. ತಾಮ್ರಕ್ಕೆ ಏನೂ ಆಗುವುದಿಲ್ಲ, ಅಲ್ಯೂಮಿನಿಯಂ ಕರಗಿಹೋಗುತ್ತದೆ.

ದೊಡ್ಡ ಕೆಲಸ ಇದ್ದದ್ದು ಹಿಂಬದಿಯಲ್ಲಿ. ಎಂಜಿನ್ ಕಚ್ಚಿಕೊಳ್ಳುವ ದೋಣಿಯ ಹಿಂಗೋಡೆಗೆ ಟ್ರಾನ್ಸಮ್ ಎನ್ನುತ್ತಾರೆ. ತಗಡಿಗೆ ಅಷ್ಟು ಬಲ ಇಲ್ಲದ್ದರಿಂದ ಅಲ್ಲೊಂದು ದಪ್ಪ ಪ್ಲೈವುಡ್ ಕೂರಿಸಿರುತ್ತಾರೆ. ಬೋಲ್ಟ್ ಬಿಚ್ಚಿದರೆ ಹಲಗೆ ನೆನೆದ ಅವಲಕ್ಕಿಯ ಹಾಗೆ ಕೈಗೆ ಬಂತು. ಅದರ ಅಳತೆಯಲ್ಲೇ ಮುಕ್ಕಾಲು ಇಂಚಿನ ಎರಡು ಪ್ಲೈವುಡ್ ಕತ್ತರಿಸಿ, ಎಪಾಕ್ಸಿಯಲ್ಲಿ ಅಂಟಿಸಿ, ಅಂಚುಗಳಿಗೆಲ್ಲ ಮತ್ತೆ ಎಪಾಕ್ಸಿ ಕುಡಿಸಿ, ಸ್ಟೈನ್‌ಲೆಸ್ ಬೋಲ್ಟ್ ಹಾಕಿದೆವು. ಗೆದ್ದಲು ಹಿಡಿಯದ, ಔಷಧಿ ಹಾಕಿದ ಮರ ತಂದರೆ ಹೇಗೆ ಎಂದು ನಾನು ಕೇಳಿದೆ. ಬೇಡವೇ ಬೇಡ, ಆ ಔಷಧಿಯಲ್ಲೂ ತಾಮ್ರ ಇದೆ ಎಂದರು. ನಾಣ್ಯದ ಪಾಠ ಮತ್ತೊಮ್ಮೆ.

ಇನ್ನು ಎಂಜಿನ್.

ಓಲೆ ಎವಿನ್‌ರೂಡ್ ಹುಟ್ಟಿದ್ದು ನಾರ್ವೆಯಲ್ಲಿ, 1877ರಲ್ಲಿ. ಐದು ವರ್ಷದವನಿದ್ದಾಗ ಮನೆಯವರು ಅಮೆರಿಕಾದ ವಿಸ್ಕಾನ್ಸಿನ್‌ಗೆ ವಲಸೆ ಹೋದರು. ಅಂದರೆ ನಮ್ಮ ಹಾಗೆಯೇ ಊರು ಬಿಟ್ಟವರ ಮಗ! ಮಿಲ್ವಾಕಿಯಲ್ಲಿ ಯಂತ್ರದ ಕೆಲಸ ಮಾಡುತ್ತಿದ್ದಾಗ ಬೆಸ್ ಎಂಬವಳ ಪರಿಚಯವಾಯಿತು. ಕೆರೆಯ ನಡುಗಡ್ಡೆಗೆ ಎಲ್ಲರೂ ಹೋಗಿದ್ದಾಗ ಬೆಸ್‌ಗೆ ಐಸ್‌ಕ್ರೀಮ್ ತಿನ್ನುವ ಮನಸ್ಸಾಗಿ, ಈತ ಸುಡುಬಿಸಿಲಿನಲ್ಲಿ ಹುಟ್ಟು ಹಾಕಿಕೊಂಡು ಹೋಗಿ ತರುವಷ್ಟರಲ್ಲಿ ಅದು ಕರಗಿ ನೀರಾಗಿತ್ತು, ಆವತ್ತೇ ದೋಣಿಗೆ ಎಂಜಿನ್ ಕಟ್ಟುವ ಹಠ ತೊಟ್ಟ ಎಂದು ಅಜ್ಜ ಸ್ಥಳಪುರಾಣ ಹೇಳುವ ಭಕ್ತಿಯಲ್ಲಿ ಹೇಳಿದರು. ನನಗೆ ಇಂಥ ಕತೆಗಳ ಮೇಲೆ ಅಷ್ಟು ನಂಬಿಕೆ ಇಲ್ಲ. ಓಲೆಗಿಂತ ಮೊದಲೇ ಕ್ಯಾಮರಾನ್ ವಾಟರ್‌ಮನ್ ಎಂಬಾತ ಇಂಥ ಎಂಜಿನ್ ಮಾಡಿ ಮಾರುತ್ತಿದ್ದ. ಓಲೆಯ ಹೆಚ್ಚುಗಾರಿಕೆ ಎಂದರೆ ಅವನದ್ದು ನಂಬಿ ಕೊಳ್ಳಬಹುದಾದ ಯಂತ್ರ. 1909ರಲ್ಲಿ ಮಾರಾಟಕ್ಕೆ ಬಂದದ್ದು ಒಂದೂವರೆ ಅಶ್ವಶಕ್ತಿ, ತೂಕ 62 ಪೌಂಡ್, ಅಂದರೆ ಸುಮಾರು 28 ಕಿಲೋ. ಬೆಲೆಯೂ 62 ಡಾಲರ್. ಪತ್ರ ಬರೆಯುವುದು, ಜಾಹೀರಾತು, ಲೆಕ್ಕ ಎಲ್ಲ ಬೆಸ್‌ಳದ್ದು. ಹುಟ್ಟನ್ನು ಬಿಸಾಡಿ ಎಂಬ ಅರ್ಥದ ಅವಳ ಜಾಹೀರಾತು ಬಹಳ ಪ್ರಸಿದ್ಧ. ಐಸ್‌ಕ್ರೀಮಿನ ಕತೆಗಿಂತ ಈ ಲೆಕ್ಕದ ಪುಸ್ತಕದ ಕತೆಯನ್ನು ಹೆಚ್ಚು ಹೇಳಬೇಕಿತ್ತು ಎಂದು ನನ್ನ ಹೆಂಡತಿಯ ಅಭಿಪ್ರಾಯ.

1914ರಲ್ಲಿ, ಬೆಸ್‌ಳ ಆರೋಗ್ಯ ಕೆಟ್ಟಿತೆಂದು ಓಲೆ ಕಂಪನಿಯನ್ನು ಪಾಲುದಾರನಿಗೆ ಮಾರಿದ. ಐದು ವರ್ಷ ಈ ವ್ಯಾಪಾರಕ್ಕೆ ಇಳಿಯುವುದಿಲ್ಲವೆಂದು ಕರಾರು. ಅದು ಮುಗಿದ ಮೇಲೆ ಅಲ್ಯೂಮಿನಿಯಂ ಭಾಗಗಳನ್ನು ಬಳಸಿ, ಎರಡು ಸಿಲಿಂಡರ್ ಇದ್ದೂ 48 ಪೌಂಡ್ ತೂಗುವ ಎಂಜಿನ್ ತಂದ. ಎಲ್ಟೋ ಎಂದು ಅದರ ಹೆಸರು. ತಗಡಿನ ದೋಣಿ ಬರುವುದಕ್ಕೆ ಕಾಲು ಶತಮಾನ ಮೊದಲೇ ಎಂಜಿನ್ನಿಗೆ ಅಲ್ಯೂಮಿನಿಯಂ ಸೇರಿತ್ತು ನೋಡಿ. ಬೆಸ್ 1933ರಲ್ಲಿ, ಓಲೆ ಮರುವರ್ಷ ತೀರಿಕೊಂಡರು. ಕಂಪನಿ ಬೆಳೆದು ದೊಡ್ಡದಾಗಿ, 2000ದ ಡಿಸೆಂಬರಿನಲ್ಲಿ ದಿವಾಳಿಯಾಗಿ, ಕೆನಡಾದವರ ಕೈಗೆ ಹೋಗಿ, 2020ರಲ್ಲಿ ಎವಿನ್‌ರೂಡ್ ಎಂಜಿನ್ ತಯಾರಿಯೇ ನಿಂತಿತು.

ಆದರೂ ಅಜ್ಜನ ಎಂಜಿನ್ನಿಗೆ ಬಿಡಿಭಾಗ ಸಿಕ್ಕಿತು! ಇಗ್ನಿಷನ್ ಕಾಯಿಲ್ ಬಿರುಕು ಬಿಟ್ಟಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹತ್ತಾರು ಮಾದರಿಗಳಿಗೆ ಆ ಕಂಪನಿ ಅದೇ ಕಾಯಿಲ್ ಬಳಸಿದ್ದರಿಂದ ಇವತ್ತಿಗೂ ಬೇರೆಯವರು ಅದನ್ನು ಮಾಡಿ ಮಾರುತ್ತಾರೆ. ಪಾಯಿಂಟ್, ಕಂಡೆನ್ಸರ್ ಹೊಸದು. ಕಾರ್ಬ್ಯುರೇಟರ್ ಒಳಗೆ ಹಳೇ ಪೆಟ್ರೋಲು ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು, ಬಿಚ್ಚಿ ತೊಳೆದೆ. ಕೆಳಗಿನ ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿತ್ತು, ಅಂದರೆ ಸೀಲ್ ಹೋಗಿ ನೀರು ಹೊಕ್ಕಿದೆ. ನೀರೆತ್ತುವ ರಬ್ಬರಿನ ಇಂಪೆಲ್ಲರ್ ಕಲ್ಲಾಗಿತ್ತು. ಎಲ್ಲ ಬದಲಾಯಿಸಿ, ಇಬ್ಬರೂ ಎತ್ತಿ ಹೊಸ ಹಲಗೆಗೆ ಕೂರಿಸಿ, ಎರಡು ಸ್ಕ್ರೂ ತಿರುಗಿಸಿ ಬಿಗಿದೆವು. ಅಷ್ಟೇ, ಎಂಜಿನ್ ಹತ್ತಿಸಿ ಆಯಿತು.

ಆ ಎರಡು ಸ್ಕ್ರೂ ಹಿಡಿದುಕೊಂಡೇ ನನಗೆ ಅಣ್ಣನ ನೆನಪಾದದ್ದು.

ನಮ್ಮ ಕರಾವಳಿಗೆ ಯಂತ್ರ ಬಂದ ಕತೆಯಲ್ಲೂ ನಾರ್ವೆ ಇದೆ. 1952ರ ಒಪ್ಪಂದದಂತೆ ಕೇರಳದ ನೀಂಡಕರದಲ್ಲಿ ಇಂಡೋ ನಾರ್ವೇಜಿಯನ್ ಯೋಜನೆ ಶುರುವಾಯಿತು, ಅರುವತ್ತರ ದಶಕದಲ್ಲಿ ಕಾರವಾರಕ್ಕೂ ಬಂತು. ಅವರು ತಂದದ್ದು ಹೊಟ್ಟೆಯೊಳಗೆ ಡೀಸೆಲ್ ಎಂಜಿನ್ ಇರುವ ಹೊಸ ದೋಣಿ. ನಮ್ಮ ಹಳೇ ದೋಣಿಗಳಿಗೆ ಅದು ಹೊಂದುವುದಿಲ್ಲ, ಎಂಜಿನ್ ಬೇಕಾದರೆ ದೋಣಿಯೇ ಹೊಸದಾಗಬೇಕು. ಹಣ ಇದ್ದವರು ಮಾಡಿಸಿದರು. ಎಪ್ಪತ್ತರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದವು. ಬಂಗುಡೆ, ಬೈಗೆ ದಡಕ್ಕೆ ಬರುವ ಮೊದಲೇ ಆಳದಲ್ಲಿ ಬಾಚಿದವು. ಊರಿಗೆ ಊರೇ ನಿಂತು ಎಳೆಯುತ್ತಿದ್ದ ರಂಪಣಿ ಬಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ನಾನು 1970ರಲ್ಲಿ, ಹದಿನೈದನೇ ವಯಸ್ಸಿಗೆ, ಮುಂಬಯಿಯ ಹೋಟೆಲಿಗೆ ಬಂದು ರಾತ್ರಿ ಶಾಲೆ ಸೇರಿದವನು, ಇದನ್ನೆಲ್ಲ ಕಾಗದದಲ್ಲಿ ಓದಿದ್ದೇ ಹೊರತು ಕಣ್ಣಾರೆ ಕಂಡದ್ದು ಕಡಿಮೆ.

ಎಂಬತ್ತರ ದಶಕದಲ್ಲಿ ಜಪಾನಿನ ಔಟ್‌ಬೋರ್ಡ್ ಎಂಜಿನ್ನುಗಳು ಬಂದವು, ಯಮಹಾ, ಸುಜುಕಿ. ಮೊದಲು ಕೇರಳ, ಆಮೇಲೆ ನಮ್ಮಲ್ಲಿ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಾಯಿಸುವುದು. ಇದಕ್ಕೆ ಹೊಸ ದೋಣಿ ಬೇಡ, ಅಪ್ಪನ ಕಾಲದ ನಾಡದೋಣಿಯೇ ಸಾಕು. ಸಾಯಂಕಾಲ ಬಿಚ್ಚಿ ಮನೆಗೆ ಹೊತ್ತುಕೊಂಡು ಹೋಗಬಹುದು, ಕೆಟ್ಟರೆ ಹೆಗಲ ಮೇಲೆ ರಿಪೇರಿಗೆ ಒಯ್ಯಬಹುದು. ನಾರ್ವೆಯ ಸರ್ಕಾರ ತಂದ ಯಂತ್ರಕ್ಕಿಂತ, ನಾರ್ವೆಯಿಂದ ವಲಸೆ ಹೋದ ಬಡವನೊಬ್ಬ ರೂಢಿಗೆ ತಂದ ಯಂತ್ರದ ಜಾತಿಯೇ ನಮ್ಮ ಸಣ್ಣ ಮೀನುಗಾರನನ್ನು ಕಡಲಿನಲ್ಲಿ ಉಳಿಸಿತು ಎಂಬುದು ನನ್ನ ಲೆಕ್ಕ. ಸೀಮೆಎಣ್ಣೆಯ ಗೋಳು, ಸಾಲದ ಗೋಳು ಅದರ ಜೊತೆಗೇ ಬಂತು ಎನ್ನುವುದೂ ನಿಜ.

1986ರಲ್ಲಿ ಅಣ್ಣ ಇನ್‌ಲ್ಯಾಂಡ್ ಲೆಟರ್ ಬರೆದ. ಎಂಜಿನ್ ತೆಗೆದುಕೊಳ್ಳಬೇಕು, ಎಲ್ಲರೂ ತೆಗೆದುಕೊಂಡಿದ್ದಾರೆ, ಹುಟ್ಟು ಹಾಕಿಕೊಂಡು ಹೋದರೆ ನಾವು ಮುಟ್ಟುವ ಹೊತ್ತಿಗೆ ಅವರು ಮೀನು ಹಿಡಿದು ವಾಪಸಾಗಿರುತ್ತಾರೆ, ನಿನ್ನಿಂದ ಏನಾದರೂ ಆದೀತಾ ಎಂದು ಕೇಳಿದ್ದ. ಆಗ ನಾನು ಡೊಂಬಿವಲಿಯಲ್ಲಿ ರೂಮಿಗೆ ಮುಂಗಡ ಕೊಟ್ಟಿದ್ದೆ. ಈಗ ಆಗುವುದಿಲ್ಲ ಎಂದು ನಾಲ್ಕು ಸಾಲು ಬರೆದೆ. ನಾಲ್ಕೇ ಸಾಲು. ಬ್ಯಾಂಕಿನಲ್ಲಿ ಆರು ಸಾವಿರ ಉಳಿದಿತ್ತು ಎಂಬುದನ್ನು ಬರೆಯಲಿಲ್ಲ. ಅಣ್ಣ ಮೀನು ಸಾಹುಕಾರನಿಂದ ಸಾಲ ತೆಗೆದ. ಬಡ್ಡಿ ಇಲ್ಲ, ಆದರೆ ಹಿಡಿದ ಮೀನನ್ನೆಲ್ಲ ಅವನಿಗೇ, ಅವನು ಹೇಳಿದ ಕ್ರಯಕ್ಕೇ ಕೊಡಬೇಕು. ಒಂಬತ್ತು ವರ್ಷ ಹಾಗೆ ಕೊಟ್ಟ. ನಾನು ಊರಿಗೆ ಹೋದಾಗಲೆಲ್ಲ ಒಳ್ಳೆಯ ಬಂಗುಡೆ ಆರಿಸಿ ತಂದು ಸಾರು ಮಾಡಿಸಿ ಬಡಿಸಿದ. ಆ ಕಾಗದದ ಮಾತು ಒಮ್ಮೆಯೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಆಗಸ್ಟಿನ ಒಂದು ಶನಿವಾರ ದೋಣಿಯನ್ನು ಕೆರೆಗಿಳಿಸಿದೆವು. ಒಳಗೆ ಒಂದು ಹನಿ ನೀರಿಲ್ಲ. ಹಗ್ಗ ಎಳೆದ ಏಳನೇ ಸಲಕ್ಕೆ ಎಂಜಿನ್ ಕೆಮ್ಮಿತು, ನೀಲಿ ಹೊಗೆ ಬಿಟ್ಟಿತು, ಓಡಿತು! ಅಜ್ಜನ ಕಣ್ಣು ತುಂಬಿತ್ತು. ನಾನು ತಡೆಯಲಾಗದೆ ಅಲ್ಲಿಂದಲೇ ಅಣ್ಣನಿಗೆ ವೀಡಿಯೋ ಕಾಲ್ ಮಾಡಿದೆ. ಊರಿನಲ್ಲಿ ರಾತ್ರಿ ಒಂಬತ್ತಾಗಿತ್ತು, ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದ. ಈಗ ಅವನಿಗೆ ಎಪ್ಪತ್ತೈದರ ಮೇಲೆ, ಕಣ್ಣು ಅಷ್ಟಕ್ಕಷ್ಟೇ. ದೋಣಿ ತೋರಿಸಿದೆ, ಕೆರೆ ತೋರಿಸಿದೆ. ಅವನು ಏನನ್ನೂ ನೋಡಲಿಲ್ಲ. ಫೋನನ್ನು ಕಿವಿಗೆ ಹಿಡಿದುಕೊಂಡ.

"ಒಂದ್ ಸಿಲಿಂಡರ್ ಸಮಾ ಹೊಡಿತಿಲ್ಲೆ ಮಾರಾಯ. ಪ್ಲಗ್ ತೆಗ್ದ್ ಕಾಣ್" ಅಂದ.

ಎಂಜಿನ್ ನಿಲ್ಲಿಸಿ ತೆಗೆದು ನೋಡಿದೆವು. ಕೆಳಗಿನ ಪ್ಲಗ್ ಕಪ್ಪಾಗಿ, ಎಣ್ಣೆಯಲ್ಲಿ ಒದ್ದೆಯಾಗಿ ಕೂತಿತ್ತು. ಅಜ್ಜ ನನ್ನ ಮುಖ ನೋಡಿ, ಫೋನಿನಲ್ಲಿರುವುದು ಯಾರು ಎಂದು ಕೇಳಿದರು. ನನ್ನ ಅಣ್ಣ ಅಂದೆ. ಪ್ಲಗ್ ಒರೆಸುತ್ತಾ, "ಅಣ್ಣ, ಆವತ್ತು ನೀನು ಎಂಜಿನ್ನಿಗೆ ಕಾಗದ ಬರ್ದಾಗ ನನ್ನ ಹತ್ರ ದುಡ್ಡು ಇತ್ತು" ಎಂದು ಹೇಳಿಯೇಬಿಟ್ಟೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಪೆಟ್ರೋಲಿಗೆ ಎಣ್ಣಿ ಎಷ್ಟ್ ಹಾಕಿದ್ರಿ?" ಎಂದು ಕೇಳಿದ.

ಇಪ್ಪತ್ತನಾಲ್ಕಕ್ಕೆ ಒಂದು ಅಂದೆ.

"ಹಳೀ ಎಂಜಿನ್ನಿಗೆ ಅಷ್ಟ್ ಬೇಕೇ ಬೇಕ್. ಪ್ಲಗ್ ಒರ್ಸಿ ಹಾಕಿ ಇನ್ನೊಂದ್ ಸರ್ತಿ ಎಳಿ" ಅಂದ.