ತಂಪಿನಲ್ಲಿ ಬೆಳೆದ ಹುದುಗಿನ ಕಥೆ

ಹುದುಗು ಮನುಷ್ಯನಿಗೆ ಬಹು ಪುರಾತನ ಕಾಲದಿಂದ ಪರಿಚಿತವಾದುದು. ಆದರೆ ಅದರೊಳಗಿನ ಜೀವಿ ಪರಿಚಿತವಾದದ್ದು ತೀರ ಈಚೆಗೆ. ಹಬ್ಬದ ದಿನ ಸಾನ್ನಾಂ ಹಿಟ್ಟಿಗೆ ಕಳ್ಳು ಬೆರೆಸುವ ನಮ್ಮ ಕರಾವಳಿಯ ಗೃಹಿಣಿಯರು ಒಂದು ಮಾತನ್ನು ಅನುಭವದಿಂದಲೇ ಬಲ್ಲರು: ಹವೆ ಬೆಚ್ಚಗಿದ್ದರೆ ಹಿಟ್ಟು ಬೇಗ ಉಬ್ಬುತ್ತದೆ, ಹೊತ್ತು ಮೀರಿದರೆ ಹುಳಿಯಾಗುತ್ತದೆ, ಚಳಿಯಿದ್ದರೆ ತಡವಾಗುತ್ತದೆ. ಇದೇ ತೊಡಕು ಯುರೋಪಿನ ಬಿಯರ್ ತಯಾರಕರನ್ನು ಶತಮಾನಗಳ ಕಾಲ ಕಾಡಿತು. ಮದ್ಯಪಾನದ ಗುಣದೋಷಗಳ ವಿಚಾರ ಇಲ್ಲಿ ನಮ್ಮ ಉದ್ದೇಶವಲ್ಲ. ಆ ತೊಡಕಿಗೆ ಪರಿಹಾರ ದೊರೆತ ಬಗೆ, ದೊರೆತದ್ದನ್ನು ಲೋಕದೊಡನೆ ಹಂಚಿಕೊಂಡ ಬಗೆ, ಇವೆರಡೂ ಅರಿಯಬೇಕಾದ ಸಂಗತಿಗಳು.

ಹದಿನೈದನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಿಯರಿನ ಮೇಲೆ ನೊರೆಯಾಗಿ ಏಳುವ ಯೀಸ್ಟಿಗೆ ‘ದೇವರ ಒಳ್ಳೆಯತನ’ ಎಂಬ ಅರ್ಥದ ಹೆಸರಿತ್ತು. ಅದು ಎಲ್ಲಿಂದ ಬರುತ್ತದೆಂದು ಯಾರಿಗೂ ತಿಳಿದಿರಲಿಲ್ಲ. ದೈವಕೃಪೆಯಿಂದ ಬರುವ ವಸ್ತುವಾದ್ದರಿಂದ ಅದನ್ನು ಬೇಡಿದವರಿಗೆ ಪುಕ್ಕಟೆಯಾಗಿಯೋ ಅತ್ಯಲ್ಪ ಪ್ರತಿಫಲಕ್ಕೋ ಕೊಡುವುದು ರೂಢಿಯೆಂದು 1468ರ ನಾರ್ವಿಚ್ ನಗರದ ದಾಖಲೆ ತಿಳಿಸುತ್ತದೆ.

ಬವೇರಿಯದಲ್ಲಿ 1516ರಲ್ಲಿ ಹೊರಟ ಪ್ರಸಿದ್ಧ ಶಾಸನವು ಬಿಯರಿಗೆ ಬಾರ್ಲಿ, ಹಾಪ್ಸ್ ಹೂವು, ನೀರು ಇವು ಮೂರನ್ನೇ ಬಳಸಬೇಕೆಂದು ವಿಧಿಸಿತು. ಅದರಲ್ಲಿ ಯೀಸ್ಟಿನ ಹೆಸರೇ ಇಲ್ಲ. ಬೇಸಗೆಯಲ್ಲಿ ತಯಾರಿಸಿದ ಬಿಯರ್ ಮತ್ತೆಮತ್ತೆ ಕೆಡುತ್ತಿದ್ದುದರಿಂದ 1553ರಲ್ಲಿ ದೊರೆ ಐದನೆಯ ಆಲ್ಬ್ರೆಕ್ಟ್ ಇನ್ನೊಂದು ಕಟ್ಟಳೆ ತಂದನು: ಏಪ್ರಿಲ್ 23ರ ಸಂತ ಜಾರ್ಜರ ಹಬ್ಬದಿಂದ ಸೆಪ್ಟೆಂಬರ್ 29ರ ಸಂತ ಮಿಕೇಲರ ಹಬ್ಬದವರೆಗೆ ಬಿಯರ್ ತಯಾರಿಕೆ ನಿಷಿದ್ಧ. ಕಾರಣ ತಿಳಿಯದಿದ್ದರೂ ಕಾಲವನ್ನು ಸಂತರ ಹಬ್ಬಗಳಿಂದ ಅಳೆದು ಮಾಡಿದ ಈ ಕಟ್ಟಳೆ ಫಲ ನೀಡಿತು. ತಂಪು ನೆಲಮಾಳಿಗೆಗಳಲ್ಲಿ, ಚಳಿಗಾಲದಲ್ಲಿ ಕೂಡಿಟ್ಟ ಮಂಜುಗಡ್ಡೆಯ ನೆರವಿನಿಂದ ತಿಂಗಳುಗಟ್ಟಲೆ ಇರಿಸಿದ ಬಿಯರ್ ತಿಳಿಯಾಗಿ, ಶುದ್ಧ ರುಚಿಯದಾಗಿ ಒದಗಿತು. ಜರ್ಮನ್ ಭಾಷೆಯಲ್ಲಿ ಹೀಗೆ ದಾಸ್ತಾನಿಡುವುದಕ್ಕೆ ‘ಲಾಗರ್ನ್’ ಎನ್ನುತ್ತಾರೆ. ‘ಲಾಗರ್’ ಬಿಯರಿನ ಹೆಸರು ಅಲ್ಲಿಂದ ಬಂದುದು.

ತಂಪಿನಲ್ಲಿ ನಡೆಯುತ್ತಿದ್ದುದು ಒಂದು ಬಗೆಯ ಆಯ್ಕೆ. ಸಾಮಾನ್ಯ ಯೀಸ್ಟು 15ರಿಂದ 24 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಚುರುಕಾಗಿ ದುಡಿದು, ನೊರೆಯೊಡನೆ ಮೇಲಕ್ಕೇರುತ್ತದೆ. ಹಣ್ಣಿನ ಪರಿಮಳವನ್ನೂ ಬಿಡುತ್ತದೆ. ಲಾಗರ್ ಯೀಸ್ಟು 7ರಿಂದ 13 ಡಿಗ್ರಿಯಲ್ಲಿ ನಿಧಾನವಾಗಿ ದುಡಿದು ತಳದಲ್ಲಿ ನೆಲೆಗೊಳ್ಳುತ್ತದೆ. ಆ ಚಳಿಯಲ್ಲಿ ಬಿಯರನ್ನು ಕೆಡಿಸುವ ಬ್ಯಾಕ್ಟೀರಿಯಗಳೂ ಸುಲಭವಾಗಿ ಹೆಚ್ಚುವುದಿಲ್ಲ. ಹುದುಗುವಾಗ ಯೀಸ್ಟು ತಾನೇ ಶಾಖವನ್ನು ಹೊರಹಾಕುವುದರಿಂದ ಪಾತ್ರೆಯನ್ನು ಮೊದಲು ತಂಪಾಗಿಸಿದರೆ ಸಾಲದು, ಕೊನೆಯವರೆಗೂ ಕಾಯಬೇಕಾಗುತ್ತದೆ.

ಡೆನ್ಮಾರ್ಕಿನ ಯಾಕೋಬ್ ಕ್ರಿಶ್ಚಿಯನ್ ಯಾಕೋಬ್ಸೆನ್ ತನ್ನ ತಾಯಿಯ ಬಟ್ಟೆ ಒಗೆಯುವ ತಾಮ್ರದ ಹಂಡೆಯಲ್ಲಿ ಬವೇರಿಯದ ರೀತಿಯ ಬಿಯರ್ ತಯಾರಿಸಲು ಯತ್ನಿಸಿದ್ದನು. ಸರಿಯಾದ ಯೀಸ್ಟಿಲ್ಲದೆ ಆ ಕೆಲಸ ಸಾಗದೆಂದು ಅರಿತು, 1845ರಲ್ಲಿ ಮ್ಯೂನಿಕ್ ನಗರದ ಸ್ಪಾಟೆನ್ ಕಾರ್ಖಾನೆಯಿಂದ ಅದನ್ನು ಪಡೆದು ತಂದನು. ದಾರಿಯುದ್ದಕ್ಕೂ ಕುದುರೆಗಾಡಿ ನಿಂತಲ್ಲೆಲ್ಲ ಯೀಸ್ಟಿನ ಡಬ್ಬಿಗೆ ತಣ್ಣೀರು ಸುರಿಯುತ್ತ ಬಂದನೆಂದು ಹೇಳಲಾಗುತ್ತದೆ. 1847ರಲ್ಲಿ ಅವನು ಕೋಪನ್‌ಹೇಗನ್ನಿನ ಹೊರವಲಯದಲ್ಲಿ ಕಾರ್ಖಾನೆ ಕಟ್ಟಿ, ಮಗ ಕಾರ್ಲನ ಹೆಸರಿನಿಂದ ಕಾರ್ಲ್ಸ್‌ಬರ್ಗ್ ಎಂದು ಕರೆದನು. ಅತ್ತ ಮ್ಯೂನಿಕ್‌ನಲ್ಲಿ, ಲೂಥರನ್ ಪಾದ್ರಿಯೊಬ್ಬರ ಮಗನಾದ ಕಾರ್ಲ್ ಫಾನ್ ಲಿಂಡೆ 1870ರ ದಶಕದಲ್ಲಿ ಅದೇ ಸ್ಪಾಟೆನ್ ಕಾರ್ಖಾನೆಯಲ್ಲಿ ತಂಪುಗೊಳಿಸುವ ಯಂತ್ರವನ್ನು ಪ್ರಯೋಗಿಸಿದನು. ಮಂಜುಗಡ್ಡೆಯ ಹಂಗು ಕ್ರಮೇಣ ತಪ್ಪಿತು.

ಆದರೂ ಒಂದು ಆಪತ್ತು ಉಳಿದಿತ್ತು. ಹುದುಗಿಗೆ ಜೀವಂತ ಯೀಸ್ಟೇ ಕಾರಣವೆಂದು ಲೂಯಿ ಪಾಶ್ಚರ್ ತೋರಿಸಿ, 1876ರಲ್ಲಿ ಬಿಯರಿನ ಬಗ್ಗೆ ಗ್ರಂಥವನ್ನೂ ಪ್ರಕಟಿಸಿದ್ದರು. ಬ್ಯಾಕ್ಟೀರಿಯಗಳಿಂದ ಕೇಡುಂಟಾಗುವುದೆಂದೂ ತಿಳಿಸಿದ್ದರು. ಕಾರ್ಲ್ಸ್‌ಬರ್ಗಿನ ಬಿಯರ್ ಮಾತ್ರ ಎಷ್ಟು ಎಚ್ಚರ ವಹಿಸಿದರೂ ಕಹಿಯಾಗಿ ಕೆಡುತ್ತಿತ್ತು. ಅಲ್ಲಿನ ಪ್ರಯೋಗಾಲಯದಲ್ಲಿದ್ದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಬಡತನದಲ್ಲಿ ಬೆಳೆದವನು. ಮನೆಗಳಿಗೆ ಬಣ್ಣ ಬಳಿಯುತ್ತಿದ್ದು, ಕಾದಂಬರಿ ಬರೆದು ವಿದ್ಯಾಭ್ಯಾಸದ ಖರ್ಚು ನಿಭಾಯಿಸಿದವನು. ಕೇಡಿನ ಮೂಲ ಯೀಸ್ಟಿನ ನಡುವೆಯೇ ಇದೆಯೆಂದು ಅವನು ಕಂಡುಕೊಂಡನು. ಒಂದೇ ಎಂದು ಭಾವಿಸಿದ್ದ ಹುದುಗಿನಲ್ಲಿ ಹಲವು ಬಗೆಯ ಯೀಸ್ಟುಗಳು ಬೆರೆತಿದ್ದವು, ಕಾಡುಯೀಸ್ಟುಗಳೂ ಸೇರಿದ್ದವು. ಹುದುಗನ್ನು ಶುದ್ಧ ನೀರಿನಲ್ಲಿ ತೆಳುಗೊಳಿಸುತ್ತ ಹೋಗಿ ಒಂದು ಹನಿಗೆ ಒಂದೇ ಕೋಶ ಉಳಿಯುವಂತೆ ಮಾಡಿ, ಆ ಒಂಟಿ ಕೋಶದಿಂದ ಇಡೀ ಸಂತತಿಯನ್ನು ಬೆಳೆಸಿದನು. ಹೀಗೆ ಬೇರ್ಪಡಿಸಿದವುಗಳಲ್ಲಿ ಒಳ್ಳೆಯ ಬಿಯರ್ ಕೊಟ್ಟದ್ದು ಒಂದೇ. ಯಾಕೋಬ್ಸೆನ್ ಮೊದಲು ಸಂದೇಹಪಟ್ಟನಾದರೂ 1883ರ ನವೆಂಬರಿನಲ್ಲಿ ಆ ಶುದ್ಧ ಯೀಸ್ಟು ಕಾರ್ಖಾನೆಯಲ್ಲಿ ಬಳಕೆಗೆ ಬಂದಿತು.

ಈ ಯೀಸ್ಟನ್ನು ರಹಸ್ಯವಾಗಿ ಇಟ್ಟುಕೊಂಡಿದ್ದರೆ ಕಾರ್ಲ್ಸ್‌ಬರ್ಗಿಗೆ ಪ್ರತಿಸ್ಪರ್ಧಿಗಳ ಮೇಲೆ ಸುಲಭವಾಗಿ ಮೇಲುಗೈ ದೊರೆಯುತ್ತಿತ್ತು. ಯಾಕೋಬ್ಸೆನ್ ಹಾಗೆ ಮಾಡಲಿಲ್ಲ. ಪ್ರಯೋಗಾಲಯದಲ್ಲಿ ಕಂಡುಕೊಂಡ ಮಹತ್ವದ ಯಾವ ಫಲಿತಾಂಶವನ್ನೂ ಮುಚ್ಚಿಡಕೂಡದೆಂದು ಅದರ ನಿಯಮಾವಳಿಯಲ್ಲೇ ಬರೆಯಿಸಿದ್ದನು. ವಿಧಾನವನ್ನು ಪ್ರಕಟಿಸಲಾಯಿತು, ಯೀಸ್ಟನ್ನು ಇತರ ತಯಾರಕರಿಗೂ ಕೊಡಲಾಯಿತು. ಮ್ಯೂನಿಕ್‌ನಲ್ಲಿ ತಾನು ಪಡೆದುದನ್ನು ಅವನು ಹೀಗೆ ಲೋಕಕ್ಕೆ ಹಿಂದಿರುಗಿಸಿದನು.

ಈ ಯೀಸ್ಟಿನ ವಂಶಾವಳಿ ಬೆಳಕಿಗೆ ಬಂದುದು 2011ರಲ್ಲಿ. ಅದು ಎರಡು ಜಾತಿಗಳ ಮಿಶ್ರಸಂತಾನ: ಒಂದು ರೊಟ್ಟಿ ಹಾಗೂ ಸಾಮಾನ್ಯ ಬಿಯರಿನ ಯೀಸ್ಟು; ಇನ್ನೊಂದು ಚಳಿ ತಾಳುವ ಕಾಡುಯೀಸ್ಟು. ಆ ಎರಡನೆಯದು ಮೊದಲು ಅರ್ಜೆಂಟೀನಾದ ಪೆಟಗೋನಿಯಾ ಕಾಡುಗಳಲ್ಲಿ, ಅನಂತರ ಟಿಬೆಟ್ಟಿನಲ್ಲಿ, ಐರ್ಲೆಂಡಿನಲ್ಲಿ ಕಾಣಸಿಕ್ಕಿತು. ತಂಪು ನೆಲಮಾಳಿಗೆಗಳು ಮಾನವನ ಅರಿವಿಗೆ ಬಾರದೆಯೇ ಈ ಸಂತಾನವನ್ನು ಪೋಷಿಸಿದ್ದವು.

ಇಂದು ಹೊರದೇಶಗಳಲ್ಲಿ ಮನೆಯಲ್ಲೇ ಲಾಗರ್ ತಯಾರಿಸುವ ಹವ್ಯಾಸಿಯು ಅಂಗಡಿಯಿಂದ ಯೀಸ್ಟಿನ ಪೊಟ್ಟಣ ಕೊಂಡು, ಹಳೆಯ ಫ್ರಿಜ್ಜಿಗೆ ಶಾಖನಿಯಂತ್ರಕ ಜೋಡಿಸಿ, ಸುಮಾರು 10 ಡಿಗ್ರಿಯಲ್ಲಿ ಹುದುಗಿಸುತ್ತಾನೆ. ಹುದುಗು ಮುಗಿಯುವ ಹೊತ್ತಿಗೆ ಬೆಣ್ಣೆಯ ವಾಸನೆ ಉಳಿಯದಂತೆ ಕೆಲವು ದಿನ ತುಸು ಬೆಚ್ಚಗಿರಿಸಿ, ಮತ್ತೆ ಶೂನ್ಯದ ಸಮೀಪಕ್ಕಿಳಿಸಿ ವಾರಗಟ್ಟಲೆ ಕಾಯುತ್ತಾನೆ. ಆ ಪೊಟ್ಟಣದ ಹಿಂದೆ ಹ್ಯಾನ್ಸೆನನ ಒಂಟಿ ಕೋಶವಿದೆ, ಆ ಫ್ರಿಜ್ಜಿನ ಹಿಂದೆ ಲಿಂಡೆಯ ಯಂತ್ರವಿದೆ. ದೈವಕೃಪೆಯಿಂದ ಬಂದುದಕ್ಕೆ ಬೆಲೆ ಕಟ್ಟಬಾರದೆಂದು ನಂಬಿದವರು ಹಿಂದೆ ನಾರ್ವಿಚ್‌ನಲ್ಲಿದ್ದರು. ಯೀಸ್ಟಿನ ರಹಸ್ಯ ಬಯಲಾದ ಮೇಲೂ ಅದನ್ನು ಬಚ್ಚಿಡದೆ ಹಂಚಿದವರು ಕೋಪನ್‌ಹೇಗನ್ನಿನಲ್ಲಿದ್ದರೆಂಬುದು ನೆನೆಯತಕ್ಕ ಮಾತು.